ಸೇವಂತಿಗೆ ಶುಕ್ರವಾರ

ಆಗಸ್ಟ್ 25, ಭಾನುವಾರ

ಹೊರಗೆ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದೆ, ಅಂಗಡಿಯಲ್ಲಿ ಸ್ವೆಟರುಗಳು ಬಂದು ಕೂತಿವೆ. ಮಗಳು ಗಾರ್ಗಿಗೆ ಶೂ ಕೊಡಿಸಲು ಹೋಗಿದ್ದೆ. ಬಾಗಿಲಲ್ಲೇ ಕುಂಬಳಕಾಯಿ ಬಣ್ಣದ ಉಣ್ಣೆ ಮಫ್ಲರುಗಳು, ಮೊಣಕಾಲಿನವರೆಗೆ ಬರುವ ಚರ್ಮದ ಬೂಟುಗಳು. ಕೊಳ್ಳುತ್ತಿದ್ದವರೆಲ್ಲ ಚಡ್ಡಿ, ಹವಾಯಿ ಚಪ್ಪಲಿಯಲ್ಲಿದ್ದರು. ಇಲ್ಲಿ ಚಳಿಗಾಲ ಬರುವುದು ಹವೆಯಿಂದಲ್ಲ, ಕ್ಯಾಲೆಂಡರಿನಿಂದ. ಹ್ಯೂಸ್ಟನ್ ಪಕ್ಕದ ಈ ಶುಗರ್ ಲ್ಯಾಂಡಿನಲ್ಲಿ ಇಷ್ಟು ವರ್ಷ ಇದ್ದೂ ಇದನ್ನು ನಾನು ಗಮನಿಸಿರಲಿಲ್ಲ. ಬಟ್ಟೆಬರೆಯೆಲ್ಲ ಹೆಂಡತಿ ಸುಚೇತಾಳ ಇಲಾಖೆಯಾಗಿತ್ತು.

ಸುಚೇತಾ ಮಾರ್ಚಿನಲ್ಲಿ ಆಸ್ಟಿನ್‌ಗೆ ಹೋದಳು. ಜಗಳವಾಡಿ ಹೋಗಲಿಲ್ಲ. ನಮ್ಮಿಬ್ಬರ ನಡುವೆ ಆಡಲು ಮಾತೇ ಉಳಿದಿರಲಿಲ್ಲ, ಅಷ್ಟೆ. ವಿಚ್ಛೇದನದ ಕಾಗದಪತ್ರಗಳೆಲ್ಲ ಸುಸೂತ್ರವಾಗಿ ಆಗುತ್ತಿವೆ. ಉಳಿದಿರುವುದು ಒಂದೇ ವಿಷಯ: ಜನವರಿಯಿಂದ ಗಾರ್ಗಿ ಯಾರ ಜೊತೆ ಇರಬೇಕು? ಹದಿನೈದು ವರ್ಷದ ಹುಡುಗಿ, ಅವಳೇ ಹೇಳಲಿ ಎಂದು ಇಬ್ಬರೂ ಒಪ್ಪಿದ್ದೇವೆ. ದೀಪಾವಳಿಯೊಳಗೆ ಹೇಳುತ್ತೇನೆ ಅಂದಿದ್ದಾಳೆ. ನಾನು ಏನೂ ಕೇಳುವುದಿಲ್ಲ. ಆದರೆ ಅವಳು ಇಲ್ಲೇ ಇರಬೇಕು. ಅವಳಿಲ್ಲದ ಈ ಮನೆಯಲ್ಲಿ ನಾನು ಏನು ಮಾಡಲಿ?

ಗಾರ್ಗಿಗೆ ಕನ್ನಡ ಓದಲು ಬಾರದು. ಇಷ್ಟು ಧೈರ್ಯವಾಗಿ ಇಲ್ಲಿ ಬರೆಯುತ್ತಿರುವುದು ಅದಕ್ಕೇ.

ಸೆಪ್ಟೆಂಬರ್ 6, ಶುಕ್ರವಾರ

ನಾಳೆ ಗಣೇಶನ ಹಬ್ಬ, ಗಾರ್ಗಿಯನ್ನು ಇಟ್ಟುಕೊಳ್ಳುವುದು ಈ ಸಲ ಅವಳ ಅಮ್ಮನ ಪಾಳಿ. ಆಸ್ಟಿನ್ ದಾರಿಯಲ್ಲಿ ಕೊಲಂಬಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿನ ಪೆಟ್ರೋಲ್ ಬಂಕಿನ ಹತ್ತಿರ ಗಾರ್ಗಿಯನ್ನು ಒಂದು ಕಾರಿನಿಂದ ಇನ್ನೊಂದು ಕಾರಿಗೆ ಹತ್ತಿಸುತ್ತೇವೆ. ಹೊರಡುವಾಗ ಅವಳು ಟೋಪಿ ಹೊಲಿದ ದಪ್ಪ ಹೂಡಿ ಅಂಗಿ ಹಾಕಿಕೊಂಡಿದ್ದಳು, ಕೆಳಗೆ ಅಂಗೈಯಗಲದ ಚಡ್ಡಿ. "ಮೇಲೆ ಡಿಸೆಂಬರ್, ಕೆಳಗೆ ಮೇ ತಿಂಗಳು. ಸರಿಯಾದ ಬಟ್ಟೆ ಹಾಕ್ಕೊ" ಅಂದೆ.

"ಅಪ್ಪಾ, ಸ್ಕೂಲಲ್ಲಿ ಏಸಿ ಫ್ರೀಜಿಂಗ್. ಎವ್ರಿವನ್ ವೇರ್ಸ್ ದಿಸ್" ಅಂದು ಇಯರ್‌ಫೋನ್ ಹಾಕಿಕೊಂಡಳು. ಕೊಲಂಬಸ್ ಬರುವವರೆಗೆ ತೆಗೆಯಲಿಲ್ಲ.

ಸುಚೇತಾ ಚಡ್ಡಿಯಲ್ಲಿ ಬಂದಿದ್ದಳು! ಜೊತೆಗೆ ಕುಸುರಿ ಕೆಲಸದ ಕೌಬಾಯ್ ಬೂಟು. ಬೇಸಿಗೆಯಲ್ಲೂ ದುಪಟ್ಟಾ ಬಿಡದವಳು ಇವಳೇನಾ ಅಂತ ನೋಡಿದೆ. ಆಸ್ಟಿನ್‌ನಲ್ಲಿ ಮದುವೆಗೂ ಚಡ್ಡಿಯಲ್ಲೇ ಹೋಗುತ್ತಾರಂತೆ, ಡಾಲಸ್ಸಿನವರು ಕೊತ್ತಂಬರಿ ಸೊಪ್ಪು ತರಲೂ ಅಲಂಕಾರ ಮಾಡಿಕೊಳ್ಳುತ್ತಾರಂತೆ. ಹ್ಯೂಸ್ಟನ್ನಿನ ನಾವು ಬೆವರುವವರು, ನಮಗೆ ಯಾವ ಶೈಲಿಯೂ ಇಲ್ಲ. ಇದನ್ನೆಲ್ಲ ಸುಚೇತಾಳೇ ಹೇಳಿದ್ದು. ಇಷ್ಟು ಮಾತಾಡಿದ್ದು ಎಷ್ಟೋ ದಿನದ ಮೇಲೆ. "ನನ್ನ ಕೆಲ್ಸ ಎಲ್ಲಾ ಮನೆಯಿಂದಾನೇ. ಕೆಲವು ದಿನ ಬಾಯಿ ಬಿಟ್ಟು ಒಂದು ಮಾತೂ ಆಡಿರಲ್ಲ. ನೀವು ಊಟ ಸರಿಯಾಗಿ ಮಾಡ್ತಿದೀರಾ?" ಅಂದಳು. ಮಾರ್ಚಿನ ಮೊದಲು ನನಗೆ 'ನೀನು' ಅನ್ನುತ್ತಿದ್ದಳು. ಮಾಡ್ತಿದೀನಿ ಅಂದೆ. ಬೂಟಿನ ಮೇಲಿನ ಹೊಲಿಗೆ ಕೈಯಿಂದ ಹಾಕಿದ್ದೋ ಯಂತ್ರದ್ದೋ ಕೇಳಬೇಕೆಂದಿದ್ದೆ, ಮರೆತೆ.

ಸೆಪ್ಟೆಂಬರ್ 10, ಮಂಗಳವಾರ

ಇಂದು ಕೆಲಸ ಕೆಡಿಸಿಕೊಂಡೆ.

ಗಾರ್ಗಿಯ ಗೆಳತಿ ಪ್ರಗತಿ ಮನೆಗೆ ಬಂದಿದ್ದಳು. ಇಬ್ಬರೂ ಫೋನಿನಲ್ಲಿ ಏನೋ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನಾನೂ ಇಣುಕಿದೆ. ಒಂದು ಹುಡುಗಿ, ಕೊರಳಿಗೆ ತಟ್ಟೆಯಗಲದ ಬಿಳಿ ಹೂವು, ಅದರ ಮಧ್ಯೆ ಪುಟ್ಟ ಕರಡಿ ಗೊಂಬೆ, ಹೂವಿನಿಂದ ಪಾದದವರೆಗೆ ರಾಶಿ ರಾಶಿ ರಿಬ್ಬನ್ನು, ಗಂಟೆ, ಗೆಜ್ಜೆ, ಮಿಣಮಿಣ ದೀಪ. ಹುಡುಗಿಯ ಮುಖ ಮಾತ್ರ ಕಾಣುತ್ತಿತ್ತು. "ಇದೇನೇ, ಕೋಲೆಬಸವನ ಹಾಗೆ!" ಅಂದುಬಿಟ್ಟೆ. ಪ್ರಗತಿಗೆ ಕೋಲೆಬಸವ ಅಂದರೆ ಗೊತ್ತಿಲ್ಲ. ಹಣೆಗೆ ಕವಡೆ, ಬೆನ್ನಿಗೆ ಬಣ್ಣದ ಬಟ್ಟೆ ಹಾಕಿ ಮನೆಮನೆಗೆ ಕರೆತರುವ ಎತ್ತು ಅಂತ ಬಿಡಿಸಿ ಹೇಳಿದೆ. ಗಾರ್ಗಿ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಪ್ರಗತಿ ಹೊರಡುವಾಗ ಮೆಲ್ಲಗೆ ಹೇಳಿದಳು: ಅದಕ್ಕೆ 'ಮಮ್' ಅನ್ನುತ್ತಾರೆ. ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಕರೆಸುವ ಹೋಮ್‌ಕಮಿಂಗ್ ಹಬ್ಬದ ಫುಟ್‌ಬಾಲ್ ಪಂದ್ಯದ ಶುಕ್ರವಾರ ಹುಡುಗಿಯರು ಬೆಳಿಗ್ಗೆಯಿಂದ ಅದನ್ನು ಹಾಕಿಕೊಂಡೇ ಶಾಲೆಯಲ್ಲಿ ಓಡಾಡುತ್ತಾರೆ. ಪಂದ್ಯಕ್ಕೆ ಜೊತೆಗೆ ಹೋಗುವ ಹುಡುಗ ತಂದುಕೊಡಬೇಕು. ಗೆಳತಿಯರಿಗೆಲ್ಲ ಇದೆ, ಗಾರ್ಗಿಗೆ ಇಲ್ಲ. ಬೇಡ ಅನ್ನುತ್ತಾಳೆ, ಆದರೆ ಬೇಕು.

ಡಾಲಸ್ ಪಕ್ಕದ ಪ್ರಾಸ್ಪರ್‌ನಲ್ಲಿರುವ ಅನಸೂಯಕ್ಕನಿಗೆ ಫೋನ್ ಮಾಡಿದೆ. ಅವಳ ಮಗಳು ಇದನ್ನೆಲ್ಲ ದಾಟಿ ಕಾಲೇಜು ಸೇರಿದ್ದಾಳೆ.

"ಮಗೂನ ಕೋಲೆಬಸವ ಅಂದ್ಯಾ? ನಿನ್ನ ಬುದ್ಧಿ ಎಲ್ಲಿ ಅಡ ಇಟ್ಟಿದೀಯೋ? ನಂಗೆ ಮೊಗ್ಗಿನ ಜಡೆ ಹಾಕಿಸಿ, ಸ್ಟುಡಿಯೋದಲ್ಲಿ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸಿರಲಿಲ್ವಾ? ಕತ್ತು ಬಿದ್ದುಹೋಗತ್ತೆ ಅಂತ ಅತ್ತಿದ್ದೆ. ಆದ್ರೆ ಬಿಚ್ಚೋಕೆ ಬಂದಾಗ ಬಿಟ್ಟೆನಾ? ಇದೂ ಹಾಗೇ ಕಣೋ."

"ಹುಡುಗ ಕೊಡಬೇಕಂತಲ್ಲ ಅಕ್ಕ?"

"ಹುಡುಗ ಇಲ್ದಿದ್ರೆ ಅಮ್ಮಂದಿರು ಮಾಡ್ತಾರೆ. ನಮ್ಮವಳಿಗೆ ನಾನೇ ಮಾಡಿದ್ದು. ಅದೇನು ಬ್ರಹ್ಮವಿದ್ಯೇನಾ? ಮಧ್ಯೆ ಹೂವು, ಸುತ್ತ ರಿಬ್ಬನ್ನು, ಮುಂದೆ ಅಗಲವಾದ ಎರಡು ರಿಬ್ಬನ್ ಉದ್ದಕ್ಕೆ ಬಿಟ್ಟು ಅದರ ಮೇಲೆ ಹೆಸರು ಅಂಟಿಸು. ಹೆಸರು ಮರೀಬೇಡ, ಹೆಸರಿಲ್ದಿದ್ರೆ ಅದು ಮಮ್ಮೇ ಅಲ್ಲ. ನಮ್ಮ ಡಾಲಸ್ ಕಡೆ ಹುಡುಗೀರು ಅದನ್ನ ಹಾಕ್ಕೊಂಡು ಬಾಗಿಲಲ್ಲಿ ಅಡ್ಡ ತಿರುಗಿ ಹೋಗಬೇಕು, ಅಷ್ಟು ದೊಡ್ಡದಿರತ್ತೆ. ನಿಮ್ಮ ಹ್ಯೂಸ್ಟನ್‌ದೇನು ಮಹಾ!"

ಇಲ್ಲಿ ಅಮ್ಮ ಇಲ್ಲವಲ್ಲ, ಅಪ್ಪ ಮಾಡುತ್ತಾನೆ. ಇಂಥ ಊರಲ್ಲಿ ಇಂಥ ಶುಕ್ರವಾರವಿದೆ, ಅಪ್ಪ ಇದ್ದಾನೆ ಅಂತ ಅವಳಿಗೆ ಅನ್ನಿಸಿದರೆ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಇದು ಸ್ವಾರ್ಥ ಅಂತ ಗೊತ್ತಿದೆ.

ಸೆಪ್ಟೆಂಬರ್ 11, ಬುಧವಾರ

ಕಚೇರಿಯಲ್ಲಿ ಪೈಪುಗಳ ತುಕ್ಕಿನ ವರದಿ ಬರೆಯಬೇಕಿತ್ತು, ಮಮ್ ಬಗ್ಗೆ ಓದುತ್ತ ಕೂತೆ. ಮಮ್ ಅಂದರೆ ಸೇವಂತಿಗೆ! ನಮ್ಮ ಸೇವಂತಿಗೆಯೇ. ಹಿಂದೆ ನಿಜವಾದ ಹೂವನ್ನೇ ಹುಡುಗಿಯರ ಎದೆಗೆ ಚುಚ್ಚುತ್ತಿದ್ದರಂತೆ. ಹೂವು ಬಾಡುತ್ತದೆ, ಬಟ್ಟೆಯದಾದರೆ ಇಟ್ಟುಕೊಳ್ಳಬಹುದು ಅಂತ ಬದಲಾಯಿಸಿದರು. ಆಮೇಲೆ ಒಂದೊಂದೇ ರಿಬ್ಬನ್ನು, ಒಂದೊಂದೇ ಗಂಟೆ ಸೇರುತ್ತ ಇಷ್ಟಾಗಿದೆ. ಟೆಕ್ಸಸ್ ಬಿಟ್ಟರೆ ಬೇರೆ ಕಡೆಯವರಿಗೆ ಇದು ಗೊತ್ತೇ ಇಲ್ಲವಂತೆ. ನಮ್ಮ ಬಾಸ್ ಓಹಾಯೋದವನು, ಅವನಿಗೆ ಚಿತ್ರ ತೋರಿಸಿದೆ. ಹೆದರಿದ.

ಸೆಪ್ಟೆಂಬರ್ 14, ಶನಿವಾರ

ಎದುರು ಮನೆಯ ಡಾರ್ಲೀನ್‌ಗೆ ಇಷ್ಟು ವರ್ಷ ದೂರದಿಂದ ಕೈ ಬೀಸಿದ್ದು ಬಿಟ್ಟರೆ ಮಾತಾಡಿಸಿದ್ದಿಲ್ಲ. ಅವಳ ಗ್ಯಾರೇಜಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಶಾಲೆಯ ತಾಯಂದಿರು ಸೇರಿ ಮಮ್ ಮಾಡುತ್ತಾರೆ ಅಂತ ಪ್ರಗತಿಯ ಅಮ್ಮ ನಳಿನಿ ಹೇಳಿದರು. ಹೋದೆ. ಗ್ಯಾರೇಜಿನ ತುಂಬ ಹೆಂಗಸರು, ನಾನೊಬ್ಬನೇ ಗಂಡಸು. ಕಾಲು ಹಿಂದಕ್ಕೆ ಎಳೆಯಿತು. ಡಾರ್ಲೀನ್ ಬಿಡಲಿಲ್ಲ. "ಹನಿ, ಕ್ಯಾನ್ ಯೂ ಬ್ರೇಡ್?" ಅಂತ ಕೇಳಿದಳು. ಗಾರ್ಗಿ ಚಿಕ್ಕವಳಿದ್ದಾಗ ಅವಳ ಜಡೆ ನಾನೇ ಹೆಣೆಯುತ್ತಿದ್ದೆ ಅಂದೆ. ಒಂದು ಕಟ್ಟು ರಿಬ್ಬನ್ ಕೈಗೆ ಕೊಟ್ಟು ಕುರ್ಚಿ ತೋರಿಸಿದಳು.

ಎಷ್ಟೊಂದು ಕಟ್ಟಳೆಗಳು! ರಿಬ್ಬನ್ನು ಶಾಲೆಯ ಬಣ್ಣದ್ದೇ ಆಗಬೇಕು, ನಮ್ಮದು ನೀಲಿ ಮತ್ತು ಕೆಂಪು. ಪೂರ್ತಿ ಬಿಳಿ ಮತ್ತು ಬೆಳ್ಳಿ ಬಣ್ಣ ಕೊನೆಯ ವರ್ಷದವರಿಗೆ ಮಾತ್ರ. ಕೆಳಗಿನವರು ಹಾಕಿದರೆ ನೋಡಿದವರು ಮುಖ ಸಿಂಡರಿಸುತ್ತಾರೆ. ಬಿಳಿ ಬೇಡ, ಹಬ್ಬದ ದಿನ ಬಣ್ಣ ಉಡು ಅಂತ ನಮ್ಮ ಅಜ್ಜಿ ಗದರುತ್ತಿದ್ದರು. ಇಲ್ಲಿ ಬಿಳಿಗಾಗಿ ಕಾಯುತ್ತಾರೆ. ಹೆಣಿಗೆಗಳಲ್ಲೂ ನಾನಾ ಬಗೆ. ಹಾವಿನ ಬೆನ್ನ ಮೇಲಿರುವಂಥ ವಜ್ರಾಕಾರದ ಹೆಣಿಗೆ ಅನ್ನುವುದು ಮೂರು ಸಲ ಬಿಚ್ಚಿದ ಮೇಲೆ ಬಂತು. ಬಂದಾಗ ಪಕ್ಕದ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ನನಗೆ ಇಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ.

ಮನೆಗೆ ಬಂದರೆ ಗಾರ್ಗಿ, "ವೇರ್ ವರ್ ಯೂ?" ಅಂದಳು. ಎದುರು ಮನೆಗೆ ಅಂದೆ. ನಂಬಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಬಿಸಿ ಅಂಟಿನ ಗನ್ನಿನಿಂದ ಹೆಬ್ಬೆರಳು ಸುಟ್ಟುಕೊಂಡೆ. ಕಚೇರಿಯಲ್ಲಿ ಸಾಂಬಾರ್ ಪಾತ್ರೆ ಅಂತ ಹೇಳಿದೆ.

ಸೆಪ್ಟೆಂಬರ್ 21, ಶನಿವಾರ

ಗ್ಯಾರೇಜಿಗೆ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಖಾರ ಕಡಿಮೆ ಹಾಕಿದ್ದು ತಪ್ಪಾಯಿತು. ಈ ಹೆಂಗಸರು ಹಲಪೆನ್ಯೋ ಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ತಿನ್ನುತ್ತಾರೆ. ಪಾತ್ರೆ ಬರಿದಾಯಿತು.

ಡಾರ್ಲೀನ್‌ಳ ಗಂಡ ವೇಯ್ನ್ ಪಶ್ಚಿಮ ಟೆಕ್ಸಸ್ಸಿನ ಮರುಭೂಮಿಯ ಕಡೆಯವನು. ಅವನ ಗೋಡೆಯ ಮೇಲೆ ಎರಡು ಹ್ಯಾಟು: ಒಂದು ಹುಲ್ಲಿನದು, ಒಂದು ಉಣ್ಣೆಯ ಫೆಲ್ಟಿನದು. ಈಸ್ಟರಿನಿಂದ ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇವರೆಗೆ ಹುಲ್ಲಿನದು, ಆಮೇಲೆ ಫೆಲ್ಟು. "ಈಗಲೂ ತೊಂಬತ್ತೈದು ಡಿಗ್ರಿ ಇದೆಯಲ್ಲಪ್ಪ" ಅಂದೆ. ಅದಕ್ಕೂ ಹ್ಯಾಟಿಗೂ ಏನು ಸಂಬಂಧ ಅನ್ನುವ ಹಾಗೆ ನೋಡಿದ. ಹ್ಯಾಟನ್ನು ಹಾಸಿಗೆಯ ಮೇಲೆ ಇಡಬಾರದು, ಕೆಟ್ಟದಾಗುತ್ತದೆ. ಮೇಜಿನ ಮೇಲೆ ಅಂಗಾತ ಇಡಬೇಕು. ಇನ್ನೊಬ್ಬರ ಹ್ಯಾಟು ಕೇಳದೆ ಮುಟ್ಟಬಾರದು. ಮುಂದಿನ ಶನಿವಾರ ಅವನ ಜೊತೆ ಮಾಂಸ ಸುಡುವ ಒಲೆಯ ಮುಂದೆ ಕೂತು ಪಂದ್ಯ ನೋಡಬೇಕಂತೆ. ನಾನು ಮಾಂಸ ತಿನ್ನುವುದಿಲ್ಲ ಅಂದೆ. ಜೋಳದ ತೆನೆಯನ್ನೂ ಸುಡುತ್ತೇನೆ ಅಂದ. ಹೋಗುತ್ತೇನೆ.

ನನ್ನನ್ನು ಕರೆಯಲು ಬಂದ ಗಾರ್ಗಿ ಗ್ಯಾರೇಜಿನ ಬಾಗಿಲಲ್ಲಿ ನಿಂತುಬಿಟ್ಟಳು. ನಾನು ಕೊರಳಿಗೆ ಇಂಚು ಟೇಪು ಹಾಕಿಕೊಂಡು, ಬಾಯಲ್ಲಿ ಪಿನ್ ಕಚ್ಚಿಕೊಂಡು ಹೆಂಗಸರಿಗೆ ಏನೋ ಹೇಳಿ ನಗಿಸುತ್ತಿದ್ದೆ. ಮಮ್ ಬಚ್ಚಿಡಲು ಆಗಲಿಲ್ಲ. ಅವಳು ಅದನ್ನು ಮುಟ್ಟಿಯೂ ನೋಡಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಸಿಟ್ಟೋ ಏನೋ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 26, ಗುರುವಾರ

ಮಮ್ ಮುಗಿಯಿತು. ಕರಡಿಯ ಬದಲು ಪುಟ್ಟ ಆನೆ ಕೂರಿಸಿದ್ದೇನೆ, ಮೈಸೂರಿನವರಿಗೆ ಅದೇ ಸರಿ. ತರಿಸಿದ್ದ ಮಿನುಗುವ ಇಂಗ್ಲಿಷ್ ಅಕ್ಷರಗಳು ಇವತ್ತು ಬಂದವು. ಗ್ಯಾರೇಜಿಗೆ ಹೋಗದೆ ನಾನೇ ಕೂತು ಅಂಟಿಸಿದೆ. ಅಕ್ಕ ಹೇಳಿದ್ದ ಎರಡು ಅಗಲದ ರಿಬ್ಬನ್ನಿನಲ್ಲಿ ಎಡಗಡೆ 'ಗಾರ್ಗಿ', ಬಲಗಡೆ 'ತಿರುಮಲ'. ನಮ್ಮಲ್ಲಿ ಮನೆತನದ ಹೆಸರು ಅಂತ ಎಲ್ಲಿದೆ? ಪಾಸ್‌ಪೋರ್ಟ್ ಮಾಡಿಸುವಾಗ ನನ್ನ ಹೆಸರನ್ನೇ ಅವಳ ಹೆಸರಿನ ಮುಂದೆ ಸೇರಿಸಿದ್ದು. ಶಾಲೆಯಲ್ಲಿ ಗೆಳತಿಯರೆಲ್ಲ ಗಾರ್ಗಿ ಟಿ ಅನ್ನುತ್ತಾರೆ, ಪೂರ್ತಿ ಹೆಸರು ಒಬ್ಬರಿಗೂ ಬಾರದು. ನಾಳೆ ಎಲ್ಲರೂ ಓದಲಿ. ಅಕ್ಷರಗಳು ನೆಟ್ಟಗೆ, ಒಂದೇ ಅಂತರದಲ್ಲಿ ಕೂತಿವೆ. ಸ್ಕೇಲ್ ಹಿಡಿದು ಅಂಟಿಸಿದ್ದೇನೆ.

ಸೆಪ್ಟೆಂಬರ್ 27, ಶುಕ್ರವಾರ, ಬೆಳಿಗ್ಗೆ

ಸೋಫಾದ ಮೇಲೆ ಹರಡಿಟ್ಟಿದ್ದೆ. ಗಾರ್ಗಿ ಬಂದು ನೋಡಿದಳು. ಬಲಗಡೆಯ ರಿಬ್ಬನ್ನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. "ಸರಿಯಾಗಿಲ್ವಾ?" ಅಂದೆ. "ಇಟ್ಸ್ ಫೈನ್, ಅಪ್ಪಾ" ಅಂದು ಕೊರಳು ಬಾಗಿಸಿದಳು. ನಾನೇ ಹಾಕಿದೆ. ಗಂಟೆ ಬಾರಿಸುತ್ತ ಬಸ್ಸಿಗೆ ಹೋದಳು.

ಕೋಲೆಬಸವ ಅಂದವನ ನಾಲಿಗೆಗೆ ಬೆಂಕಿ ಬೀಳಲಿ. ಎಷ್ಟು ಚೆನ್ನಾಗಿ ಕಂಡಳು.

ಸೆಪ್ಟೆಂಬರ್ 28, ಶನಿವಾರ

ನಿನ್ನೆ ಸಂಜೆಯದನ್ನು ಈಗ ಬರೆಯುತ್ತಿದ್ದೇನೆ. ನಿನ್ನೆಯೇ ಬರೆಯಲು ಮುಖವಿರಲಿಲ್ಲ.

ಕ್ರೀಡಾಂಗಣದಲ್ಲಿ ಎಲ್ಲೆಲ್ಲೂ ಗೆಜ್ಜೆಯ ಸದ್ದು. ಎಷ್ಟು ಬಗೆಯ ಹೆಣಿಗೆ ಅಂತ ನೋಡುತ್ತ ಕೂತಿದ್ದೆ. ನಳಿನಿ ಪಕ್ಕಕ್ಕೆ ಬಂದು ಕೂತರು.

"ತಿರುಮಲ ಅವ್ರೇ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಹೇಳಿ."

"ಆ ಎರಡು ರಿಬ್ಬನ್ ಇದೆಯಲ್ಲ, ಒಂದರ ಮೇಲೆ ಹುಡುಗಿ ಹೆಸರು, ಇನ್ನೊಂದರ ಮೇಲೆ ಅವಳ ಜೊತೆ ಬರೋ ಹುಡುಗನ ಹೆಸರು ಹಾಕೋದು. ಹುಡುಗ ಇಲ್ದಿದ್ರೆ ಸ್ಕೂಲಿನ ಹೆಸರು ಹಾಕ್ತಾರೆ. ಬೆಳಿಗ್ಗೆಯಿಂದ ಇಡೀ ಸ್ಕೂಲು 'ತಿರುಮಲ ಯಾರು, ತಿರುಮಲ ಯಾರು' ಅಂತ ಕೇಳ್ತಿದೆಯಂತೆ. ಪ್ರಗತಿ ಹೇಳಿದ್ಲು."

ಸುತ್ತಲಿನ ಹುಡುಗಿಯರ ರಿಬ್ಬನ್ನು ನೋಡಿದೆ. ಹೌದು, ಪ್ರತಿಯೊಬ್ಬಳಿಗೂ ಎಡಗಡೆ ಅವಳ ಹೆಸರು, ಬಲಗಡೆ ಒಬ್ಬ ಹುಡುಗನದೋ ಶಾಲೆಯದೋ. ಎರಡು ವಾರ ಅದನ್ನೇ ಹೆಣೆಯುತ್ತ ಕೂತಿದ್ದೆ, ಒಬ್ಬರನ್ನಾದರೂ ಕೇಳಬಾರದಿತ್ತೇ? ಮಗಳನ್ನು ಇಲ್ಲೇ ಉಳಿಸಿಕೊಳ್ಳಲು ಹೊರಟವನು ಅವಳನ್ನು ಇಡೀ ಶಾಲೆಯ ಮುಂದೆ ನಗೆಪಾಟಲು ಮಾಡಿದೆ. ಈ ಊರಲ್ಲಿ ಇನ್ನು ಅವಳು ನಿಲ್ಲುವುದಿಲ್ಲ ಅಂತ ಅನ್ನಿಸಿತು. ಎದ್ದು ಮನೆಗೆ ಹೋಗಲೂ ಆಗಲಿಲ್ಲ, ಕರೆದುಕೊಂಡು ಹೋಗಬೇಕಾದವನು ನಾನೇ.

ಅರ್ಧ ಆಟ ಮುಗಿದಾಗ ಅವಳು ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕೂತಳು. ಆನೆಯ ಒಂದು ಕಿವಿ ಕಿತ್ತುಬಂದಿತ್ತು.

"ನಿಂಗೆ ಗೊತ್ತಿತ್ತಾ?" ಅಂದೆ.

"ಮಾರ್ನಿಂಗೇ."

"ಆ ರಿಬ್ಬನ್ ಕತ್ತರಿಸಿ ಹೋಗಬಹುದಿತ್ತಲ್ಲೇ!"

"ಅಪ್ಪಾ, ನೀನು ಸ್ಕೇಲ್ ಇಟ್ಟು ಅಂಟಿಸಿದ್ದೆ. ಪೆನ್ಸಿಲ್ ಲೈನ್ಸ್ ಕಾಣಿಸ್ತಾ ಇತ್ತು." ಅಂದವಳೇ ನಗಲು ಶುರು ಮಾಡಿದಳು. ಮೊದಲೆರಡು ಕ್ಲಾಸಿನಲ್ಲಿ, ತಿರುಮಲ ಅನ್ನುವವನು ತುಂಬ ಎತ್ತರ, ಡಾಲಸ್ಸಿನಲ್ಲಿ ಓದುತ್ತಾನೆ, ಡ್ರಮ್ಸ್ ಬಾರಿಸುತ್ತಾನೆ ಅಂತ ಕತೆ ಕಟ್ಟಿದಳಂತೆ. ಆಮೇಲೆ ಸುಳ್ಳು ನೆನಪಿಟ್ಟುಕೊಳ್ಳಲಾಗದೆ, "ಹಿ ಈಸ್ ಮೈ ಡ್ಯಾಡ್, ಹಿ ಮೇಡ್ ಇಟ್" ಅಂದಳಂತೆ. ಯಾರೂ ನಗಲಿಲ್ಲವಂತೆ. ವಜ್ರದ ಹೆಣಿಗೆಯನ್ನು ಎಲ್ಲರೂ ತಿರುಗಿಸಿ ತಿರುಗಿಸಿ ನೋಡಿದರಂತೆ.

ಅವಳು ನನ್ನ ಭುಜಕ್ಕೆ ಒರಗಿ ಉಳಿದ ಆಟ ನೋಡಿದಳು. ಯಾರು ಗೆದ್ದರು ಅಂತ ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ 29, ಭಾನುವಾರ

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ನಿನ್ನೆ ವೇಯ್ನ್ ಮನೆಯಲ್ಲಿ ತಿಂದ ಜೋಳದ ಬಗ್ಗೆ, ಮುಂದಿನ ತಿಂಗಳು ಡಾರ್ಲೀನ್ ಕಲಿಸುವ ಕ್ರಿಸ್‌ಮಸ್ ಹಾರದ ಬಗ್ಗೆ ಹೇಳುತ್ತಿದ್ದೆ. ಗ್ಯಾರೇಜಿನ ಒಬ್ಬ ಹೆಂಗಸು ನನ್ನ ಚಿತ್ರಾನ್ನದ ವಿಧಾನ ಕೇಳಿ ಸಂದೇಶ ಕಳಿಸಿದ್ದಳು, ಅದನ್ನೂ ಓದಿ ಹೇಳಿದೆ. ಗಾರ್ಗಿ ತಟ್ಟೆ ನೋಡುತ್ತ ಕೂತಿದ್ದಳು.

"ಅಪ್ಪಾ, ನಾನು ಆಸ್ಟಿನ್‌ಗೆ ಹೋಗ್ತೀನಿ."

ಕನ್ನಡದಲ್ಲೇ ಹೇಳಿದಳು. ಕಾವಲಿ ಮೇಲಿನ ದೋಸೆಯನ್ನು ತಿರುವಿ ಹಾಕಿದೆ. ತಿರುವಿ ಹಾಕುವ ದೋಸೆ ಅದಾಗಿರಲಿಲ್ಲ.

"ರಿಬ್ಬನ್ನಿಂದಾನಾ?" ಅಂದೆ.

"ನೋ! ಅಪ್ಪಾ, ನೋ." ಅಳುತ್ತಿದ್ದಳು. ಮುಂದಿನದೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು, ನನಗೆ ಕೇಳಿಸಿದ ಹಾಗೆ ಇಲ್ಲಿ ಬರೆಯುತ್ತೇನೆ. ಇಲ್ಲೇ ಇರಬೇಕು ಅಂತ ಬೇಸಿಗೆಯಲ್ಲೇ ನಿರ್ಧರಿಸಿದ್ದಳಂತೆ. ನಾನು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ, ರಜೆಯ ದಿನ ಪರದೆ ಕೂಡ ಸರಿಸುತ್ತಿರಲಿಲ್ಲ. ಬಿಟ್ಟು ಹೋದರೆ ಅಪ್ಪನಿಗೆ ಏನಾದರೂ ಆಗುತ್ತದೆ ಅಂತ ಹೆದರಿಕೆ. ಆ ಶನಿವಾರ ಡಾರ್ಲೀನ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಾಗ ಆ ಹೆದರಿಕೆ ಹೋಯಿತಂತೆ. "ಅಮ್ಮ ಅಲ್ಲಿ ಟೀವಿ ಹಾಕಿಕೊಂಡು ಒಬ್ಬಳೇ ಊಟ ಮಾಡುತ್ತಾಳೆ. ಅವಳಿಗೆ ಯಾರೂ ಇಲ್ಲ. ಎದುರು ಮನೆಯವರ ಹೆಸರೂ ಗೊತ್ತಿಲ್ಲ. ನಿನಗೆ ಈಗ ಎಲ್ಲರೂ ಇದ್ದಾರೆ ಅಪ್ಪ."

ನಾನು ಯಾರಿಗಾಗಿ ಆ ಗ್ಯಾರೇಜಿಗೆ ಹೋದೆ ಅಂತ ಹೇಳಬಹುದಿತ್ತು. ಬೇಡ ಪುಟ್ಟ, ಇಲ್ಲೇ ಇರು ಅನ್ನಬಹುದಿತ್ತು. ಅಂದಿದ್ದರೆ ಅವಳು ಉಳಿಯುತ್ತಿದ್ದಳು. ಅವಳ ಮುಖದಲ್ಲಿ ಅದು ಕಾಣುತ್ತಿತ್ತು, ನಾನು ಅನ್ನಲಿ ಅಂತ ಅರ್ಧ ಮನಸ್ಸು ಕಾಯುತ್ತಲೂ ಇತ್ತು. ಒಲೆ ಆರಿಸಿದೆ.

"ಸರಿ ಪುಟ್ಟ. ಅಮ್ಮಂಗೆ ನೀನೇ ಫೋನ್ ಮಾಡಿ ಹೇಳು. ಈಗ್ಲೇ ಹೇಳು" ಅಂದೆ.

"ನೀನು ಓಕೆ ನಾ?"

"ನಾನು ಓಕೆ."

ಅವಳು ಫೋನ್ ಮಾಡಿದಳು. ಸ್ಪೀಕರಿನಲ್ಲಿತ್ತು. ಗಾರ್ಗಿ ಹೇಳಿ ಮುಗಿಸಿದಳು. ಆಮೇಲೆ ಸುಚೇತಾ ಅತ್ತಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬಾಯಿ ಬಿಟ್ಟು ಅತ್ತದ್ದನ್ನು ನಾನು ಕೇಳಿರಲಿಲ್ಲ. ಅದನ್ನು ಕೇಳುವ ಹಕ್ಕು ಈಗ ನನ್ನದಲ್ಲ ಅನ್ನಿಸಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.